ಒಣಗಿಸಲು ಬಿಸಿಲು, ಬೀಸಲು ನೀರು

ನವರಾತ್ರಿಯ ಮೂರನೇ ದಿನ ನಮ್ಮ ಅಂಗಳಕ್ಕೆ ಬಿಸಿಲು ಬಿತ್ತು. ಮೋಡದ ಸಂದಿಯಲ್ಲಿ ಇಣುಕಿ ಓಡಿಹೋಗುವ ಬಿಸಿಲಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಧ್ಯಾಹ್ನ ಎರಡರವರೆಗೂ ಅಲ್ಲಾಡದೆ ಕೂತ ಬಿಸಿಲು. ಅತ್ತೆ ಜಗಲಿಯಲ್ಲಿ ನಿಂತು ಆಕಾಶ ನೋಡಿ, "ಇವತ್ತು ಬಿಸ್ಲು ಗಟ್ಟಿ ಕಾಣ್ತು" ಅಂದರು. ಒಳಗೆ ಹೋದವರು ಮೊದಲು ಹೊರಗೆ ತಂದದ್ದು ಹಾಸಿಗೆಯಲ್ಲ, ಬೂಸಲು ಹಿಡಿದ ಚೀಲವಲ್ಲ, ಮೆಣಸಿನಕಾಯಿ ಡಬ್ಬ.

ನಮ್ಮ ಮನೆಯ ಶರತ್ಕಾಲ ಹೀಗೇ ಶುರುವಾಗುವುದು. ಕ್ಯಾಲೆಂಡರ್ ನೋಡುವವರು ಯಾರೂ ಇಲ್ಲ. ಮೆಣಸಿನಕಾಯಿ ಹೊರಗೆ ಬಂತು ಅಂದರೆ ಮಳೆಗಾಲ ಮುಗಿಯಿತು ಅಂತ ಅತ್ತೆ ಸಹಿ ಹಾಕಿದ ಹಾಗೆ.

ಮನೆ ಇರುವುದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ಹತ್ತಿರದ ಕರೆಂಟ್ ಕಂಬಕ್ಕೆ ಮೂರು ಕಿಲೋಮೀಟರ್, ನಡುವೆ ಪೂರ್ತಿ ಕಾಡು. ಲೈನ್ ಬಂದಿಲ್ಲ. ಅರ್ಜಿಯ ಕಥೆ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಒಂದು ಫೈಲ್ ಇದೆ, ನನ್ನ ಮಗನಿಗಿಂತ ದಪ್ಪ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮಾವನ ಅಪ್ಪ ಕೆಳಗಿನ ತೋಟ ನೀರಿಗೆ ಬಿಟ್ಟು ಈ ಗುಡ್ಡದ ಬುಡಕ್ಕೆ ಬಂದವರು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ನಮ್ಮ ಬಚ್ಚಲ ಹಿಂದಿನ ಮಷಿನ್‌ನದು ಒಂದೂಕಾಲು ಕಿಲೋವ್ಯಾಟ್. ನೆಂಟರು ಬಂದಾಗ ಮಾವ ಈ ಎರಡು ಲೆಕ್ಕವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಗುವುದಿಲ್ಲ, ನೆಂಟರು ನಗುತ್ತಾರೋ ಅಂತ ನೋಡುತ್ತಾರೆ.

ಮಷಿನ್ ಅಂದರೆ ಚಿಕ್ಕ ಟರ್ಬೈನ್. ಮನೆ ಹಿಂದಿನ ಗುಡ್ಡದಲ್ಲಿ ಒಂದು ಹಳ್ಳ ಇದೆ. ಅದಕ್ಕೆ ಅಡ್ಡಲಾಗಿ ಮೊಣಕಾಲೆತ್ತರದ ಒಡ್ಡು, ಒಡ್ಡಿನ ಬಾಯಿಗೆ ಕಬ್ಬಿಣದ ಜಾಲರಿ, ಅಲ್ಲಿಂದ ನಾಲ್ಕಿಂಚಿನ ಪೈಪು ಇನ್ನೂರ ಅರವತ್ತು ಮೀಟರ್ ಇಳಿದು ಬಚ್ಚಲ ಹಿಂದೆ ಬರುತ್ತದೆ. ಎತ್ತರದ ವ್ಯತ್ಯಾಸ 38 ಮೀಟರ್. ಪೈಪಿನ ತುದಿಯಲ್ಲಿ ಎರಡು ಜೆಟ್. ಬೆರಳಿನಷ್ಟು ತೂತಿನಿಂದ ಚಿಮ್ಮುವ ನೀರು ಚಮಚದಂಥ ಬಟ್ಟಲುಗಳಿರುವ ಚಕ್ರಕ್ಕೆ ಹೊಡೆಯುತ್ತದೆ, ಚಕ್ರ ಜನರೇಟರ್ ತಿರುಗಿಸುತ್ತದೆ. ಸೆಕೆಂಡಿಗೆ ಎಂಟು ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ ಪುಸ್ತಕದ ಲೆಕ್ಕದಲ್ಲಿ ಮೂರು ಕಿಲೋವ್ಯಾಟ್. ಪೈಪು, ಚಕ್ರ, ಜನರೇಟರ್ ಎಲ್ಲ ತಮ್ಮ ಪಾಲು ತಿಂದು ನಮಗೆ ಕೊಡುವುದು ಒಂದೂಕಾಲು. ನಾವು ಬಳಸದೆ ಉಳಿದದ್ದನ್ನು ಕಂಟ್ರೋಲರ್ ಬಚ್ಚಲ ಡ್ರಮ್ಮಿನ ಕಾಯಿಲ್‌ಗೆ ಕಳಿಸುತ್ತದೆ. ರಾತ್ರಿ ಎಲ್ಲರೂ ದೀಪ ಆರಿಸಿ ಮಲಗಿದಷ್ಟೂ ಬೆಳಗಿನ ಸ್ನಾನದ ನೀರು ಬಿಸಿ.

ನಾನು ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಅದನ್ನು ನಂಬಿ ಯಾರೂ ಕೆಲಸ ಕೊಡಲಿಲ್ಲ, ಈ ಮನೆ ಕೊಟ್ಟಿತು. ಇವರಿಗೆ, ಅಂದರೆ ನನ್ನ ಗಂಡನಿಗೆ, ತೋಟ ಅಂದರೆ ಪ್ರಾಣ, ವೈರು ಅಂದರೆ ಅಲರ್ಜಿ. ಹಾಗಾಗಿ ಕರೆಂಟ್ ಇಲಾಖೆ ನನ್ನದು.

ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುತ್ತದೆ, ಕರೆಂಟಿಗೆ ಬರವಿಲ್ಲ ಅಂತ ಬಂದವರೆಲ್ಲ ಅಂದುಕೊಳ್ಳುತ್ತಾರೆ. ಜುಲೈನಲ್ಲಿ ಒಮ್ಮೆ ಬಂದು ನೋಡಲಿ. ಕೆಂಪು ನೀರು, ಕೊಳೆತ ಎಲೆ, ಮರಳು. ಜಾಲರಿ ದಿನಕ್ಕೆರಡು ಸಲ ಕಟ್ಟುತ್ತದೆ. ಪ್ರತಿ ಸಲ ಛತ್ರಿ ಹಿಡಿದು, ಕಾಲಿಗೆ ಸುಣ್ಣ ತಂಬಾಕು ಬಳಿದುಕೊಂಡು, ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ಗುಡ್ಡ ಹತ್ತಬೇಕು. ಕರೆಂಟ್ ಇರುತ್ತದೆ ನಿಜ, ಆದರೆ ಒಣಗಿದ ವಸ್ತು ಅಂತ ಮನೆಯಲ್ಲಿ ಒಂದೂ ಇರುವುದಿಲ್ಲ. ಬೇಸಗೆಯಲ್ಲಿ ಉಲ್ಟಾ. ಬಿಸಿಲು ಬೇಕಾದಷ್ಟು, ಹಳ್ಳ ಬರೀ ಕಲ್ಲು. ಆಗ ಚಾವಣಿಯ ಎರಡು ಸೋಲಾರ್ ಪ್ಯಾನೆಲ್, ಎರಡು ಬ್ಯಾಟರಿ, ಒಂದು ಚಿಕ್ಕ ಇನ್ವರ್ಟರ್. ದೀಪ, ಫ್ಯಾನು, ಮೊಬೈಲಿಗೆ ಸಾಕು. ನಮ್ಮ ಹಿಟ್ಟಿನ ಗಿರಣಿಗೆ ಸಾಲದು.

ಗಿರಣಿ ಒಂದು ಎಚ್‌ಪಿಯದು. ಶುರುವಾಗುವಾಗ ಅದು ಎಳೆಯುವ ಕರೆಂಟಿಗೆ ಇನ್ವರ್ಟರ್ ಕಿರುಚಿ ಬಂದ್ ಆಗುತ್ತದೆ. ಅದಕ್ಕೆ ಎರಡೂ ಜೆಟ್ ಬಿಟ್ಟ ಟರ್ಬೈನೇ ಆಗಬೇಕು. ಮೆಣಸಿನಕಾಯಿ, ಕೊತ್ತಂಬರಿ, ಅಕ್ಕಿ ಒಣಗಲು ಬಿಸಿಲು ಬೇಕು. ಅವನ್ನು ಬೀಸಲು ನೀರು ಬೇಕು. ಎರಡೂ ಒಟ್ಟಿಗೆ ಸಿಗುವುದು ನವರಾತ್ರಿಯಿಂದ ದೀಪಾವಳಿ ಕಳೆದು ಒಂದು ವಾರದವರೆಗೆ. ಹೆಚ್ಚೆಂದರೆ ಐದಾರು ವಾರ. ವರ್ಷದ ಸಾರಿನಪುಡಿ, ಹುಳಿಪುಡಿ, ಅರಿಶಿನಪುಡಿ, ಅಕ್ಕಿಹಿಟ್ಟು ಎಲ್ಲ ಈ ಕಿಂಡಿಯಲ್ಲಿ ತೂರಿ ಬರಬೇಕು. ಸಾಗರ ಪೇಟೆಗೆ ಒಯ್ದು ಬೀಸಿಸಿಕೊಂಡು ಬರಬಹುದಲ್ವಾ ಅಂತ ನನ್ನ ತಂಗಿ ಪ್ರತಿ ವರ್ಷ ಕೇಳುತ್ತಾಳೆ. ಬರಬಹುದು. ಅತ್ತೆಗೆ ಹೇಳುವ ಧೈರ್ಯ ಅವಳಿಗೇ ಇದ್ದರೆ ಹೇಳಲಿ.

ಮೆಣಸಿನಕಾಯಿ ಹರವಬೇಕಾದರೆ ಅಂಗಳ ಬೇಕು, ಅಂಗಳ ಇನ್ನೂ ಅಂಗಳವಾಗಿರುವುದಿಲ್ಲ. ಮಳೆ ಮಣ್ಣು ಕೊಚ್ಚಬಾರದು ಅಂತ ಜೂನ್‌ನಲ್ಲೇ ಅಡಿಕೆ ಸೋಗೆ ಹಾಸಿರುತ್ತೇವೆ. ಈಗ ಅದನ್ನೆಲ್ಲ ಎತ್ತಿ ತೋಟಕ್ಕೆ ಹಾಕಬೇಕು. ಪ್ರತಿ ಸೋಗೆಯ ಅಡಿಯಲ್ಲಿ ಯಾರೋ ಸಂಸಾರ ಹೂಡಿರುತ್ತಾರೆ: ಎರೆಹುಳ, ಕಪ್ಪೆ, ಈ ವರ್ಷ ಬೆರಳುದ್ದದ ಒಂದು ಚೇಳು. ಆಮೇಲೆ ಪಾಚಿ ಹೆರೆಯುವುದು. ಕತ್ತಿಯ ಬೆನ್ನು ಹಿಡಿದು ಕುಕ್ಕುರುಗಾಲಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೆರೆಯಬೇಕು. ಹಸಿರು ಸಿಪ್ಪೆ ದೋಸೆಯ ಹಾಗೆ ಎದ್ದು ಬರುತ್ತದೆ. ಅದೊಂದು ಕೆಲಸ ಮಾತ್ರ ನನಗೆ ಬಹಳ ಇಷ್ಟ, ಯಾರಿಗೂ ಬಿಟ್ಟುಕೊಡುವುದಿಲ್ಲ. ಹೊಂಡಕ್ಕೆ ಮಣ್ಣು ತುಂಬಿ, ಹಲಗೆಯಲ್ಲಿ ಬಡಿದು, ಸಗಣಿ ಸಾರಿಸಿದರೆ ಅಂಗಳ ತಯಾರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹಳೆ ಟಾರ್ಚ್ ಸೆಲ್ ಒಡೆದು ಒಳಗಿನ ಕಪ್ಪು ಪುಡಿಯನ್ನು ಸಗಣಿಗೆ ಬೆರೆಸುತ್ತಿದ್ದರು. ನೆಲ ಕರ್ರಗೆ ಹೊಳೆಯುತ್ತಿತ್ತು. ಅದೇ ನೆಲದ ಮೇಲೆ ಅಕ್ಕಿ ಒಣಗಿಸುತ್ತಿದ್ದೆವು ಅಂತ ನೆನೆದರೆ ಈಗ ಮೈ ಜುಂ ಅನ್ನುತ್ತದೆ. ಈಗ ಸೆಲ್ಲೂ ಇಲ್ಲ, ಬರೀ ಸಗಣಿ, ಮೇಲೆ ಟಾರ್ಪಾಲು.

ಜಗಲಿಗೆ ಇರಚಲು ಹೊಡೆಯದಂತೆ ಕಟ್ಟಿದ ಸೋಗೆ ತಟ್ಟಿ ಬಿಚ್ಚಿದ ದಿನ ಮನೆಯೊಳಗೆ ಬೆಳಕು ಬಂದು, ನಾಲ್ಕು ತಿಂಗಳಲ್ಲಿ ಗೋಡೆ ಎಷ್ಟು ಕೆಟ್ಟಿದೆ ಅಂತ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಆಯುಧ ಪೂಜೆ ಟರ್ಬೈನ್‌ಗೆ ರಜೆಯ ದಿನ. ಕತ್ತಿ, ಹಾರೆ, ಗುದ್ದಲಿ, ಇವರ ಬೈಕು, ದೋಟಿ ಎಲ್ಲಕ್ಕೂ ಕುಂಕುಮ ಹಚ್ಚುವಾಗ ಅದಕ್ಕೂ ಒಂದು ಚೆಂಡು ಹೂವಿನ ಮಾಲೆ. ಆದರೆ ಹೂ ಹಾಕುವ ಮೊದಲು ಬಿಚ್ಚಿ ಸರ್ವಿಸ್ ಮಾಡುತ್ತೇನೆ, ಹಳ್ಳದಲ್ಲಿ ನೀರಿರುವಾಗ ಇಡೀ ದಿನ ಅದು ನಿಲ್ಲುವುದು ಅವತ್ತೊಂದೇ ಆದ್ದರಿಂದ. ಈ ಸಲ ಅದರ ಹಿಂದಿನ ರಾತ್ರಿಯೇ ಮಾವ ಹಾಸಿಗೆಯಿಂದ ಕೂಗಿದರು, "ಮಷಿನ್ ಕೆಮ್ತಾ ಇದ್ದು ತಂಗೀ."

ಮಾವನಿಗೆ 78. ಟಿವಿ ಸೌಂಡು ಕೇಳುವುದಿಲ್ಲ, ಟರ್ಬೈನಿನ ಸೌಂಡು ಮಾತ್ರ ಗೋಡೆಯಾಚೆಯಿಂದ ಕೇಳುತ್ತದೆ. ನನಗೇನೂ ಬೇರೆ ಅನ್ನಿಸಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಪ್ರೆಶರ್ ಗೇಜಿನ ಮುಳ್ಳು ಸರಿಯಾಗಿ ಮೂರೂವರೆಯಲ್ಲೇ ಇತ್ತು. ಜಾಲರಿ ಕಟ್ಟಿದರೆ ಅದು ಎರಡಕ್ಕೆ ಇಳಿಯಬೇಕು. ಅಂದರೆ ಮೇಲೆ ತೊಂದರೆ ಇಲ್ಲ, ಇಲ್ಲೇ ಏನೋ ಇದೆ. ವಾಲ್ವ್ ಮುಚ್ಚತೊಡಗಿದೆ. ಇದನ್ನು ತೀರಾ ನಿಧಾನವಾಗಿ ಮುಚ್ಚಬೇಕು, ಅವಸರ ಮಾಡಿದರೆ ಇನ್ನೂರ ಅರವತ್ತು ಮೀಟರ್ ನೀರು ಒಮ್ಮೆಲೇ ನಿಂತು ಪೈಪಿನ ಜಾಯಿಂಟ್ ಒಡೆಯುತ್ತದೆ. ಒಂದು ಸಲ ಒಡೆದಿದೆ, ಅದಕ್ಕೇ ಗೊತ್ತು. ಚಕ್ರ ನಿಂತ ಮೇಲೆ ಎಡಗಡೆ ಜೆಟ್ ಬಿಚ್ಚಿದೆ. ಒಳಗೆ ಒಂದು ಏಡಿ.

ಪೂರ್ತಿ ಏಡಿ. ಉಗುರಿನಷ್ಟು ದೊಡ್ಡದು, ಬೆನ್ನು ಜೆಟ್ಟಿನ ಬಾಯಿಗೆ ಅಚ್ಚು ಹೊಯ್ದ ಹಾಗೆ ಕೂತಿತ್ತು. ಒಂದು ಕಾಲು ತೂತಿನಿಂದ ಹೊರಗೆ. ಜಾಲರಿಯಲ್ಲಿ ಎಲ್ಲೋ ಒಂದು ಕಡ್ಡಿ ತುಂಡಾಗಿರಬೇಕು, ಅಲ್ಲಿಂದ ನುಗ್ಗಿ ಅಷ್ಟುದ್ದ ಪೈಪು ಜಾರಿ ಬಂದಿದೆ. ಕಡ್ಡಿಯಿಂದ ತಳ್ಳಿ ತೆಗೆದು ಕಲ್ಲಿನ ಮೇಲಿಟ್ಟೆ. ಸತ್ತಿದೆ ಅಂದುಕೊಂಡಿದ್ದೆ. ಚಕ್ರದ ಬಟ್ಟಲು ಒಂದೊಂದನ್ನೂ ಬೆರಳಿನಿಂದ ತಡವಿ, ಮರಳು ತಿಂದು ಯಾವುದು ತೆಳ್ಳಗಾಗಿದೆ ನೋಡಿ, ಬೇರಿಂಗಿಗೆ ಗ್ರೀಸ್ ತುಂಬಿ ತಿರುಗಿ ನೋಡಿದರೆ ಕಲ್ಲಿನ ಮೇಲೆ ಏಡಿ ಇಲ್ಲ. ಬೆಕ್ಕು ಒಯ್ದಿತೋ, ತಾನೇ ಹೋಯಿತೋ. ತಾನೇ ಹೋಯಿತು ಅಂತ ಇಟ್ಟುಕೊಂಡಿದ್ದೇನೆ.

ಮಧ್ಯಾಹ್ನ ಜಾಲರಿಯ ತೂತಿಗೆ ತಂತಿ ಹೆಣೆದು ಬಂದೆ. ಹೋಗುವ ದಾರಿಯಲ್ಲಿ ಸಂಕ, ಅಂದರೆ ಹಳ್ಳ ದಾಟುವ ಮರದ ಕಾಲುಸೇತುವೆ, ಇಲ್ಲ. ಆಗಸ್ಟ್‌ನ ನೆರೆಯಲ್ಲಿ ಕೊಚ್ಚಿ ಹೋಗಿದೆ. ಪ್ರತಿ ವರ್ಷ ಹೋಗುತ್ತದೆ, ಪ್ರತಿ ವರ್ಷ ಹಾಕುತ್ತೇವೆ. ನಾಲ್ಕು ಅಡಿಕೆ ಮರ ಅಡ್ಡ ಹಾಕಿ ಬಳ್ಳಿಯಲ್ಲಿ ಬಿಗಿದರೆ ಆಯಿತು. ಆಚೆಮನೆ ಅಣ್ಣನೂ ಇವರೂ ಸೇರಿ ಒಂದು ಬೆಳಿಗ್ಗೆಯಲ್ಲಿ ಮುಗಿಸಿದರು. ಆ ಅಣ್ಣನ ಮನೆಗೆ ಹಳ್ಳದ ಆಚೆ ಗದ್ದೆ. ಭೂಮಿ ಹುಣ್ಣಿಮೆಗೆ ಮೊದಲು ಸಂಕ ಆಗಲೇಬೇಕು ಅಂತ ಅವರ ಅವಸರ. ಭತ್ತ ಹೊಡೆ ತುಂಬಿದೆ, ಬಸುರಿ ಭೂಮಿಗೆ ಬಯಕೆ ಊಟ ಹಾಕಬೇಕು. ಅತ್ತಿಗೆ ನಮ್ಮ ಬೇಲಿಯ ಸೊಪ್ಪನ್ನೂ ಬಿಡದೆ ಕೊಯ್ದುಕೊಂಡು ಹೋದರು, ಬೆರಕೆ ಸೊಪ್ಪಿಗೆ. ಹುಣ್ಣಿಮೆಯ ಬೆಳಗಿನ ಜಾವ ನಾಲ್ಕಕ್ಕೆ ನಾನು ಎದ್ದೇ ಇದ್ದೆ. ಗದ್ದೆ ಬಯಲಲ್ಲಿ ದೀಪವೊಂದು ಓಡಾಡುತ್ತಿತ್ತು. "ಹಚ್ಚಂಬಲಿ ಹಾಲಂಬಲಿ" ಅಂತ ಕೂಗುತ್ತಾ ಚರಗ, ಅಂದರೆ ಭೂಮಿಗೆ ಬಡಿಸುವ ಆ ಊಟ, ಬೀರುವುದು ಹಳ್ಳದ ಸದ್ದನ್ನೂ ದಾಟಿ ಕೇಳುತ್ತಿತ್ತು. ಅವರ ಮನೆಯಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಇದೆ. ಪ್ರತಿ ವರ್ಷ ಹೊಸದಾಗಿ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಬರೆಯುತ್ತಾರೆ. ಆ ಅಕ್ಕಿಹಿಟ್ಟು ಈ ಸಲ ನಮ್ಮ ಗಿರಣಿಯದು. ಅದಕ್ಕೆ ಬದಲಾಗಿ ಒಂದು ಬುಟ್ಟಿ ಮೊಗೆಕಾಯಿ (ಸಾಂಬಾರು ಸೌತೆ) ಬಂತು. ಬಾಳೆ ನಾರಿನಲ್ಲಿ ಒಂದೊಂದಕ್ಕೇ ಬಲೆಯ ಹಾಗೆ ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ನೇತು ಹಾಕಿದ್ದೇವೆ. ಒಂದಕ್ಕೊಂದು ತಾಗಬಾರದು, ತಾಗಿದರೆ ಕೊಳೆಯುತ್ತದೆ. ಹೊಗೆ ಕುಡಿದುಕೊಂಡು ಯುಗಾದಿಯವರೆಗೂ ಇರುತ್ತವೆ.

ಅಕ್ಟೋಬರ್ ಎರಡನೇ ವಾರಕ್ಕೆ ಚಿತ್ತೆ ಮಳೆ. ಕುರುಡು ಚಿತ್ತೆ ಅಂತ ಹಳಬರು ಸುಮ್ನೆ ಹೇಳಿಲ್ಲ. ನಮ್ಮ ಅಂಗಳಕ್ಕೆ ಸುರಿದರೆ ಆಚೆಮನೆ ಅಂಗಳ ಒಣ. ಆಷಾಢದ ಮಳೆ ಮೂರು ದಿನ ಮೊದಲೇ ಹೇಳಿ ಬರುತ್ತದೆ, ಇದು ಮಧ್ಯಾಹ್ನ ಮೂರೂವರೆಗೆ ಸಿಡಿಲಿನ ಜೊತೆ ದಬಕ್ಕನೆ ಬೀಳುತ್ತದೆ. ಎರಡು ವರ್ಷದ ಹಿಂದೆ ಇಂಥದೇ ಒಂದು ಮಧ್ಯಾಹ್ನ ಅಂಗಳದ ತುಂಬ ಎಂಟು ಕೆಜಿ ಬ್ಯಾಡಗಿ ಮೆಣಸಿನಕಾಯಿ. ಪಶ್ಚಿಮಕ್ಕೆ ಕಪ್ಪಾಯಿತು. ಗುಡುಗಿದರೆ ಮಾಡಬೇಕಾದ್ದು ಎರಡು ಕೆಲಸ: ಪ್ಯಾನೆಲ್ ವೈರಿನ ಪ್ಲಗ್ ಬಿಚ್ಚುವುದು, ಮೆಣಸಿನಕಾಯಿ ಒಳಗೆ ತರುವುದು. ಅತ್ತೆ ಟಾರ್ಪಾಲಿನ ಒಂದು ತುದಿ ಹಿಡಿದು, "ಹಿಡಿಯೇ, ಹಿಡಿಯೇ" ಅಂತ ಕೂಗುತ್ತಿದ್ದರು. ನಾನು ಇನ್ನೊಂದು ತುದಿ ಹಿಡಿದೆ. ಜಗಲಿ ಹತ್ತುವಷ್ಟರಲ್ಲಿ ಹಿತ್ತಲ ಹಲಸಿನ ಮರದ ಆಚೆ ಎಲ್ಲೋ ಸಿಡಿಲು ಬಿತ್ತು. ಮೆಣಸಿನಕಾಯಿ ಒಂದೂ ನೆನೆಯಲಿಲ್ಲ. ಸೋಲಾರ್ ಕಂಟ್ರೋಲರ್ ಮಾತ್ರ ಸುಟ್ಟ ಪ್ಲಾಸ್ಟಿಕ್ ವಾಸನೆ ಬಿಡುತ್ತಾ ಸತ್ತುಹೋಯಿತು.

ವಾರಂಟಿ ಇತ್ತು. ಸಿಡಿಲಿಗೆ ವಾರಂಟಿ ಇಲ್ಲವಂತೆ. ಹಾಗಂತ ಹೇಳಲು ಅವರು ಮೂರು ವಾರ ತೆಗೆದುಕೊಂಡರು. ಅಷ್ಟರಲ್ಲಿ ಟರ್ಬೈನ್ ಇದ್ದದ್ದರಿಂದ ಕತ್ತಲೆಯಲ್ಲಿ ಕೂರಲಿಲ್ಲ. ಆ ದುಡ್ಡಿಗೆ ಎಷ್ಟು ಕೆಜಿ ಮೆಣಸಿನಕಾಯಿ ಬರುತ್ತಿತ್ತು ಅಂತ ಲೆಕ್ಕ ಹಾಕಿ ಅತ್ತೆಗೆ ಹೇಳಿಲ್ಲ. ಈಗ ಚಿತ್ತೆ, ಸ್ವಾತಿ ಎರಡೂ ಮುಗಿಯುವವರೆಗೆ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲೇ ಪ್ಲಗ್ ಬಿಚ್ಚುತ್ತೇನೆ, ಆಕಾಶ ಹೇಗೇ ಇರಲಿ. ಗುಡುಗು ಕೇಳಿದರೆ ಟಾರ್ಪಾಲು ಇವರ ಪಾಲು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿನ ಹಸಿರು ಕಿಲುಬನ್ನು ಬಿಸಿನೀರಲ್ಲಿ ತೊಳೆದು ವ್ಯಾಸಲೀನ್ ಬಳಿಯುವುದು, ಪ್ಯಾನೆಲ್ ಮೇಲಿನ ಪಾಚಿ ಉಜ್ಜುವುದು, ಅದಕ್ಕೆ ನೆರಳು ಹಾಕುವ ಕೊಂಬೆ ಕಡಿಸುವುದು. ಇವೆಲ್ಲ ಒಂದು ಭಾನುವಾರದ ಕೆಲಸ, ಹೇಳುವಂಥದ್ದೇನಿಲ್ಲ.

ತೋಟದ ಬಗ್ಗೆ ಇವರೇ ಬರೆಯಬೇಕು, ಬರೆಯುವುದಿಲ್ಲ. ಈ ಸಲ ಅಡಿಕೆಗೆ ಕೊಳೆ ರೋಗ ಜಾಸ್ತಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎಲ್ಲ ಸರಿಯಾಗಿಯೇ ಹೊಡೆಸಿದ್ದರು. ಎರಡನೇ ಸಲ ಹೊಡೆಯಲು ಮಳೆ ಬಿಡುವು ಕೊಡಲಿಲ್ಲ. ಬಿಳಿ ಬೂಷ್ಟು ಹಿಡಿದ ಹಸಿಕಾಯಿ ಮರದ ಬುಡದಲ್ಲಿ ಉದುರಿ ಬಿದ್ದಿತ್ತು. ಇವರು ಅದನ್ನು ಹೆಕ್ಕುವಾಗ ಮಾತಾಡುವುದಿಲ್ಲ, ನಾವೂ ಮಾತಾಡಿಸುವುದಿಲ್ಲ. ಉಳಿದದ್ದಕ್ಕೆ ಅಂಗಳದ ಒಂದು ಬದಿಯಲ್ಲಿ ಕಂಬ ನೆಟ್ಟು ದಬ್ಬೆ ಹಾಸಿ ಅಟ್ಟ ಕಟ್ಟಿಯಾಯಿತು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಫೋನ್ ಮಾಡಿದರೆ ದೀಪಾವಳಿ ಕಳೆದ ಮೇಲೆ ನೋಡೋಣ ಅಂದರು. ಮರ ಹತ್ತುವವರು ಊರಿಗೆ ಇಬ್ಬರೂ ಉಳಿದಿಲ್ಲ. ಕಾರ್ಬನ್ ಫೈಬರ್ ದೋಟಿ ತಂದು ಇವರೇ ನೆಲದಲ್ಲಿ ನಿಂತು ಕೊಯ್ಯುವುದು ಕಲಿಯುತ್ತಿದ್ದಾರೆ. ಸಂಜೆಗೆ ಕುತ್ತಿಗೆ ತಿರುಗುವುದಿಲ್ಲ.

ಗಿರಣಿ ನಾಲ್ಕು ದಿನ ಓಡಿತು. ಬೀಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಅಕ್ಕಿ, ಅದೂ ತೊಳೆದು ನೆರಳಲ್ಲಿ ಆರಿಸಿದ್ದು, ದೀಪಾವಳಿಯ ಚಕ್ಕುಲಿಗೆ. ಆಮೇಲೆ ಗೋಧಿ. ಆಮೇಲೆ ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದದ್ದು. ಅರಿಶಿನ. ಕಟ್ಟಕಡೆಗೆ ಮೆಣಸಿನಕಾಯಿ. ಕ್ರಮ ತಪ್ಪಿದರೆ ವರ್ಷವಿಡೀ ಖಾರದ ಚಕ್ಕುಲಿ. ಮೆಣಸು ಹಾಕುವಾಗ ಬಾಗಿಲು ಕಿಟಕಿ ತೆಗೆದಿಟ್ಟು, ಮೂಗಿಗೆ ಒದ್ದೆ ಪಂಚೆ ಕಟ್ಟಿಕೊಂಡು ಕೂರುತ್ತೇನೆ. ಆದರೂ ಹಟ್ಟಿಯಲ್ಲಿರುವ ದನ ಸೀನುತ್ತದೆ. ಗಿರಣಿ ಶುರುವಾದ ಕ್ಷಣ ಟರ್ಬೈನಿನ ಸದ್ದು ಒಂದು ಸಲ ಕುಗ್ಗಿ, ಹೆಗಲು ಕೊಟ್ಟ ಹಾಗೆ ಮತ್ತೆ ಏಳುತ್ತದೆ. ಬಚ್ಚಲ ಡ್ರಮ್ಮಿನ ನೀರು ಅಷ್ಟು ಹೊತ್ತು ತಣ್ಣಗಾಗುತ್ತದೆ. ಕೊನೆಗೆ ಒಂದು ಸೇರು ನುಚ್ಚಕ್ಕಿ ಹಾಕಿ ಕಲ್ಲು ತೊಳೆದ ಹಾಗೆ ಬೀಸಿ ತೆಗೆಯುವುದು. ಆ ಕೆಂಪು ಹಿಟ್ಟಿನಲ್ಲಿ ಅವತ್ತು ರಾತ್ರಿ ಖಾರದ ರೊಟ್ಟಿ, ಗಟ್ಟಿ ಬೆಣ್ಣೆ. ಮಗ ಸಾಗರದ ಹಾಸ್ಟೆಲಿಂದ ಫೋನ್ ಮಾಡಿ ಮೊದಲು ಕೇಳಿದ್ದು, "ಕೆಂಪು ರೊಟ್ಟಿ ಆಯ್ತಾ?"

ದೀಪಾವಳಿಗೆ ಅವನು ಬಂದ. ಬೂರೆಹಬ್ಬದ (ನರಕ ಚತುರ್ದಶಿಯ) ಹಿಂದಿನ ಸಂಜೆ ಹಂಡೆ ತಿಕ್ಕಿ ನೀರು ತುಂಬಿ, ಹಂಡೆಯ ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿದ್ದು ಅವನೇ. ಗೋಪೂಜೆಯ ದಿನ ದನಗಳ ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡು ಹೂವಿನ ಮಾಲೆ. ಆ ರಾತ್ರಿ ಹನ್ನೊಂದೂವರೆಗೆ ಅಂಟಿಗೆ ಪಂಟಿಗೆಯವರು ಬಂದರು, ಹೊಸ ಸಂಕ ದಾಟಿ. ಮನೆಯಿಂದ ಮನೆಗೆ ದೀಪ ಒಯ್ದು ಹಾಡುವವರು. ಬಾಗಿಲಲ್ಲಿ ನಿಂತು ಹಾಡು ಎತ್ತಿದರು. ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದ ನಮ್ಮ ದೀಪ ಹಚ್ಚಿಕೊಂಡೆವು. ಹಾಡುವವರಲ್ಲಿ ಇಬ್ಬರು ಹುಡುಗರು ಹಾಡು ಮುಗಿದ ಕೂಡಲೇ ಮೊಬೈಲ್ ಚಾರ್ಜಿಗೆ ಹಾಕಬಹುದಾ ಅಂತ ಕೇಳಿದರು. ಹಾಕಿಕೊಂಡು ಅವಲಕ್ಕಿ ತಿಂದು ಹೋದರು.

ಹಬ್ಬ ಕಳೆದು ಆರನೇ ದಿನ ಬೆಳಿಗ್ಗೆ ಒಡ್ಡಿನ ಮೇಲೆ ನೀರು ಹೊರಳುತ್ತಿರಲಿಲ್ಲ. ಬರುವುದಷ್ಟನ್ನೂ ಪೈಪೇ ಕುಡಿಯುತ್ತಿತ್ತು. ಇನ್ನು ಸಣ್ಣ ಮಾಡದಿದ್ದರೆ ಪೈಪಿಗೆ ಗಾಳಿ ಹೋಗುತ್ತದೆ. ಕೆಳಗೆ ಬಂದು ವಾಲ್ವ್ ಮುಚ್ಚಿ, ಎಡಗಡೆ ಜೆಟ್ಟಿಗೆ ಬಿರಡೆ ಹಾಕಿ, ಬಲಗಡೆಯ 14 ಮಿಲಿಮೀಟರಿನದು ತೆಗೆದು 10ರದ್ದು ಕೂರಿಸಿದೆ. ತಿರುಗಿ ಬಿಟ್ಟಾಗ ಮೀಟರ್ 340 ವ್ಯಾಟ್ ತೋರಿಸಿತು. ಸದ್ದು ತೆಳ್ಳಗಾಯಿತು. ಮಾವ ಒಳಗಿನಿಂದ ಏನೂ ಹೇಳಲಿಲ್ಲ, ಸ್ವೆಟರ್ ಎಲ್ಲಿದೆ ಅಂತ ಅತ್ತೆಯನ್ನು ಕೇಳಿದ್ದು ಮಾತ್ರ ಕೇಳಿಸಿತು.

ಗಿರಣಿಯನ್ನು ಬ್ರಶ್ಶಿನಲ್ಲಿ ಗುಡಿಸಿ, ಬೆಲ್ಟ್ ಸಡಿಲ ಮಾಡಿ, ಅತ್ತೆಯ ಹಳೆ ಸೀರೆ ಹೊದಿಸಿದೆ. ಪ್ಲಗ್ ಕಿತ್ತು ವೈರು ಸುತ್ತಿಟ್ಟೆ. ಅಷ್ಟರಲ್ಲಿ ಅತ್ತೆ ಮೂಲೆಯಿಂದ ಒಂದು ಚೀಲ ಎಳೆದು ತಂದರು. ಎರಡು ಕೆಜಿ ಕೊತ್ತಂಬರಿ, ಹುರಿದದ್ದು, ಮರೆತೇಹೋಗಿತ್ತು. ನಾನು ಸೀರೆ ನೋಡಿದೆ, ಅವರು ನನ್ನನ್ನು ನೋಡಿದರು. ಒರಳು ತೊಳೆದಿಟ್ಟಿದ್ದೇನೆ, ನಾಳೆ ಕುಟ್ಟಬೇಕು.